ಶಿಕಾರಿ ಗೂಡಿನ ಎರಡನೆಯ ಕಿಟಕಿ

ಕಿಟಕಿ ಆರಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ಸೆಪ್ಟೆಂಬರಿನ ಒಂದು ಭಾನುವಾರ, ಇವರು ಎರಡನೆಯ ರೊಟ್ಟಿ ಮುರಿಯುತ್ತಿದ್ದಾಗ.

"ಇಂಟೀರಿಯರ್ ಡಿಸೈನರ್ ಮನ್ಯಾಗ ಇದ್ದಾಗ ನಾ ಯಾಕ ತಲಿ ಕೆಡಿಸ್ಕೊಳ್ಳಲಿ?" ಅಂದರು. "ಕಿಡಕಿ ನೀನ ಆರಿಸು ಸೌಜನ್ಯಾ. ಗೋಡಿ, ಮಾಳಿಗಿ ನಾ ನೋಡ್ಕೋತೀನಿ."

ಮನೆಯ ಕಿಟಕಿಯಲ್ಲ ಮತ್ತೆ. ಹ್ಯಾರೋದಲ್ಲಿ ನಮ್ಮದು ಬಾಡಿಗೆ ಫ್ಲ್ಯಾಟು. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕನಿಗೆ ಇಮೇಲ್ ಹಾಕಬೇಕು. ಇವರು ಹೇಳಿದ್ದು ಜಿಂಕೆ ಶಿಕಾರಿಗೆ ಅಡಗಿ ಕೂಡುವ ಪ್ಲೈವುಡ್ ಪೆಟ್ಟಿಗೆಯ ಮಾತು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಕೆಳಗೆ ಎದೆಯೆತ್ತರದ ನಾಲ್ಕು ಕಾಲು. ಇವರು ಅದನ್ನು ಹೈಡ್ ಅನ್ನುತ್ತಾರೆ. ನಾನು ಗೂಡು ಅನ್ನುತ್ತೇನೆ.

ಇವರು ಅಂದರೆ ಪ್ರಸಾದ, ನನ್ನ ಗಂಡ. ಬೆಳಗಾವಿಯವರು. ಇಲ್ಲಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಇವರ ಅಜ್ಜ ಖಾನಾಪುರದ ಕಾಡಂಚಿನಲ್ಲಿ ಕೋವಿ ಹಿಡಿದು ಓಡಾಡಿದವರಂತೆ. ಮೊಮ್ಮಗನಿಗೆ ಆ ಹುಚ್ಚು ಲಂಡನ್ನಿಗೆ ಬಂದ ಮೇಲೆ, ಆಸ್ಪತ್ರೆಯ ಗೆಳೆಯನೊಬ್ಬನ ಸಹವಾಸದಿಂದ ಹತ್ತಿತು. ಲೈಸೆನ್ಸು ಆಯಿತು, ಪರೀಕ್ಷೆ ಆಯಿತು. ಹೇರ್‌ಫೀಲ್ಡಿನ ಆಚೆ, ಲಂಡನ್ ಮುಗಿದು ಹೊಲ ಶುರುವಾಗುವಲ್ಲಿ, ಒಬ್ಬ ರೈತ ಹಾಕಿದ್ದ ಎಳೆಯ ಸೇಬಿನ ಗಿಡಗಳ ತೊಗಟೆಯನ್ನೆಲ್ಲ ಜಿಂಕೆಗಳು ತಿಂದು ಹಾಕುತ್ತಿದ್ದವು. ಬಂದು ಹೊಡೆಯಿರಿ ಎಂದು ಅವನೇ ಜಾಗ ಕೊಟ್ಟ.

ಹೊಡೆಯುವುದು ನನಗೆ ಇಷ್ಟವಿಲ್ಲ. ನಮ್ಮ ಧಾರವಾಡದ ಮನೆಗೆ ತತ್ತಿ ಕೂಡ ಬರುತ್ತಿರಲಿಲ್ಲ. ಆದರೆ ನಿಜ ಹೇಳಬೇಕೆಂದರೆ ನನ್ನ ಸಂಕಟ ಜಿಂಕೆಯದಲ್ಲ, ಶನಿವಾರದ್ದು. ವಾರವೆಲ್ಲ ಇವರು ರೋಗಿಗಳ ಪಕ್ಕದಲ್ಲಿ ನಿಂತು ಮೆತ್ತಗೆ ಮಾತಾಡಿ ಮಾತಾಡಿ ಅವರನ್ನು ನಿದ್ದೆಗೆ ಕಳಿಸುತ್ತಾರೆ. ಮನೆಗೆ ಬರುವಷ್ಟರಲ್ಲಿ ಆ ದನಿ ಖಾಲಿಯಾಗಿರುತ್ತದೆ. ಸಿಗುವ ಒಂದು ರಜೆ ಶನಿವಾರ. ಅವತ್ತು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಮದುವೆಯಾಗಿ ಹದಿನಾಲ್ಕು ತಿಂಗಳಾಗಿತ್ತು. ಶನಿವಾರ ನಾನು ಮಾತಾಡುತ್ತಿದ್ದದ್ದು ಕಿರಾಣಿ ಅಂಗಡಿಯ ಹೆಂಗಸಿನ ಜತೆ, ಕರಿಬೇವು ತಾಜಾ ಇದೆಯೇ ಎಂದು. ಆಮೇಲೆ ಮನೆಗೆ ಬಂದು, ಹಿಂದಿನ ಹಳಿಯ ಮೇಲೆ ಹೋಗುವ ರೈಲಿನಲ್ಲಿ ಕೂತವರ ಮುಖ ನೋಡುವುದು. ಅವರ್ಯಾರೂ ಇತ್ತ ನೋಡುತ್ತಿರಲಿಲ್ಲ.

ಹಾಗಾಗಿ ಕಿಟಕಿ ಆರಿಸು ಎಂದಾಗ ನಾನು ಅವತ್ತೇ ಮನಸ್ಸಿನಲ್ಲಿ ನಿಶ್ಚಯಿಸಿದೆ: ಈ ಗೂಡಿನಲ್ಲಿ ಇಬ್ಬರು ಕೂಡಬೇಕು. ಮಾತಿಲ್ಲದಿದ್ದರೂ ಪರವಾಗಿಲ್ಲ, ಪಕ್ಕದಲ್ಲಿ ಕೂತಿರಬೇಕು. ನಾನೂ ಬರಲಾ ಎಂದು ಬಾಯಿಬಿಟ್ಟು ಕೇಳುವ ಧೈರ್ಯ ಇರಲಿಲ್ಲ. ಬೇಡ ಅಂದುಬಿಟ್ಟರೆ ಆ ಮಾತಿನ ಜತೆ ಆಮೇಲೆ ಬಾಳಬೇಕಲ್ಲ. ಕಿಟಕಿಯೇ ನನ್ನ ಪರವಾಗಿ ಕೇಳಲಿ ಅಂದುಕೊಂಡೆ.

"ಹಿಂಗ ಬರ್ರಿ, ಕುಂದರ್ರಿ," ಎಂದು ಊಟದ ಕುರ್ಚಿ ಎಳೆದೆ. "ಗೂಡಿನಾಗ ಇಂಥಾದ್ದ ಖುರ್ಚಿ ಹೌದಿಲ್ಲೋ?"

"ಏನ್ ಮಾಡಾಕತ್ತಿ?"

"ನೆಲದಿಂದ ನಿಮ್ಮ ಕಣ್ಣು ಎಷ್ಟು ಎತ್ತರ ಐತಿ ಅಂತ ನೋಡಬೇಕು. ಕಿಡಕಿ ಅದಕ್ಕ ಸರಿ ಆಗಬೇಕಲ್ಲ. ಕುತ್ತಿಗಿ ಬಗ್ಗಿಸಿ ಎಷ್ಟೊತ್ತ ಕುಂದರ್ತೀರಿ?"

"ಅಬ್ಬಾ, ದೊಡ್ಡ ಎಂಜಿನಿಯರ್ ಸಿಕ್ಕಳಪ್ಪ ನಮಗ."

ನಲವತ್ತಾರು ಇಂಚು ಬಂತು. ಆಮೇಲೆ ನಾನು ಕೂತು ಟೇಪನ್ನು ಇವರ ಕೈಗೆ ಕೊಟ್ಟೆ.

"ನಿಂದ್ಯಾಕ?"

"ಹೋಲಿಸಿ ನೋಡಾಕ, ಸುಮ್ನ."

ಇವರು ಮಂಡಿಯೂರಿ ಟೇಪು ಎಳೆದರು. ಹೆಬ್ಬೆರಳು ನನ್ನ ಕೆನ್ನೆಗೆ ತಾಗಿತು. "ನಾಲ್ವತ್ತೆರಡು," ಅಂದು ಎದ್ದು ಕೈ ತೊಳೆಯಲು ಹೋದರು.

ಮರುದಿನ ವೀಲ್ಡ್‌ಸ್ಟೋನಿನ ಸತ್ಯಪ್ರಕಾಶ ಕಾಕಾ ಅವರ ಯಾರ್ಡಿಗೆ ಹೋದೆ. ಕಾಕಾ ಕಲಬುರ್ಗಿಯವರು. ಈ ಕಡೆ ಜನ ಮನೆಗೆ ಹೊಸ ಡಬಲ್ ಗ್ಲೇಜಿಂಗ್ ಹಾಕಿಸುವಾಗ ಕಿತ್ತು ಹಾಕುವ ಹಳೆಯ ಕಿಟಕಿ, ಬಾಗಿಲುಗಳನ್ನೆಲ್ಲ ತಂದು ಒಟ್ಟಿ ಮಾರುತ್ತಾರೆ. ತಗಡಿನ ಚಪ್ಪರದ ಕೆಳಗೆ ನೂರಾರು ಕಿಟಕಿ, ಒಂದಕ್ಕೊಂದು ಒರಗಿ. ಹಿಂದೆ ಮನೆಯೂ ಇಲ್ಲ, ಮುಂದೆ ಬೀದಿಯೂ ಇಲ್ಲ. ಒಂದರ ಗಾಜಿನ ಮೇಲೆ ಯಾವುದೋ ಮಗು ಅಂಟಿಸಿದ ನಕ್ಷತ್ರಗಳು. ಇನ್ನೊಂದರ ಮೂಲೆಯಲ್ಲಿ ಒಣಗಿದ ಜೇಡ.

"ಏನ್ ಬೇಕು ತಂಗಿ? ದೇವರ ಖೋಲಿಗೇನು?"

"ಅಲ್ರಿ ಕಾಕಾ. ಜಿಂಕಿ ಶಿಕಾರಿಗೆ."

ಕಾಕಾ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹೊಡಿಯಾಕಿ ನೀನಾ?"

"ನಮ್ಮ ಮನಿಯವರು. ಡಾಕ್ಟರ್ ಇದ್ದಾರ."

"ಭಾಳ ಛಲೋ ಡಾಕ್ಟರ ಬಿಡು. ವಾರೆಲ್ಲಾ ಉಳಸೂದು, ಶನಿವಾರ ಹೊಡಿಯೂದು!" ಎಂದು ತಮ್ಮ ಮಾತಿಗೆ ತಾವೇ ನಕ್ಕರು. ನಕ್ಕು ಮುಗಿಸಿ, "ನೋಡು ತಂಗಿ, ಮನಿ ಕಿಡಕಿ ನಾವು ನೋಡ್ಲಿ, ಗಾಳಿ ಬರ್ಲಿ ಅಂತ ಹಚ್ಚೂದು. ಇದು ಹಂಗಲ್ಲ. ನಮ್ಮನ್ನ ಅದು ನೋಡಬಾರ್ದು, ಕೇಳಬಾರ್ದು ಅಂತ ಹಚ್ಚೂ ಕಿಡಕಿ," ಅಂದರು.

ಮೊದಲು ತೋರಿಸಿದ್ದು ಬಿಳಿ ಪ್ಲಾಸ್ಟಿಕ್ ಚೌಕಟ್ಟಿನದು. ಬೇಡವೆಂದು ಅವರೇ ಅಂದರು. ಅರ್ಧ ಮೈಲಿಯಿಂದ ಹಲ್ಲು ಕಿರಿದಂತೆ ಹೊಳೆಯುತ್ತದೆ. ಅಲ್ಯೂಮಿನಿಯಂನದು ಎಳೆದರೆ ಕಿರ್ರೆಂದಿತು. ಹಳೆಯ ಕ್ಯಾರವಾನಿನದೊಂದು ನನಗೆ ಹಿಡಿಸಿತು. ಹಗುರ, ಮೇಲಿನ ಬಿಜಾಗರಿಯಿಂದ ಹೊರಕ್ಕೆ ತೆರೆದುಕೊಂಡು ರೆಪ್ಪೆಯ ಹಾಗೆ ನಿಲ್ಲುತ್ತಿತ್ತು.

"ಅದರ ಮೋಹ ಬಿಡು," ಅಂದರು ಕಾಕಾ. "ಹೊರಗ ತೆರಿಯೂ ಕಿಡಕಿ ಅಲ್ಲಾಡಿದ್ದು ಕಾಣಸ್ತದ. ಜಿಂಕಿ ಏನ್ ಕುರುಡದೇನು? ಬಾ ಇಲ್ಲಿ."

ಚಪ್ಪರದ ಹಿಂದೆ ಎರಡು ಮರದ ಕಿಟಕಿಗಳಿದ್ದವು. ಪಿನ್ನರ್‌ನ ಯಾರದೋ ತೋಟದ ಕೋಣೆಯವು. ಅಗಲ ಎರಡು ಅಡಿ, ಎತ್ತರ ಹದಿನಾಲ್ಕು ಇಂಚು, ಗಾಜು ಪಕ್ಕಕ್ಕೆ ಜಾರುವಂಥದ್ದು. ನಾನು ಅಲ್ಲೇ ಲೆಕ್ಕ ಹಾಕಿದೆ. ನೆಲದಿಂದ ಮೂವತ್ತಾರು ಇಂಚಿಗೆ ಕೂರಿಸಿದರೆ ಐವತ್ತರವರೆಗೆ ಬರುತ್ತದೆ. ನಲವತ್ತೆರಡೂ ಅದರೊಳಗೇ, ನಲವತ್ತಾರೂ ಅದರೊಳಗೇ.

ಕಾಕಾ ಮೇಣದ ಬತ್ತಿಯ ತುಂಡೊಂದನ್ನು ಗಾಜು ಜಾರುವ ಗೀರಿನಲ್ಲಿ ನಾಲ್ಕು ಸಲ ಉಜ್ಜಿದರು. "ಆ ಕಡೆ ಮಕ ಮಾಡಿ ನಿಂದ್ರು. ನಾ ತೆಗೆದಾಗ ಹೇಳು."

ನಾನು ತಿರುಗಿ ನಿಂತೆ. ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಯಾರೋ ಶಟರ್ ಎಳೆದರು.

"ಇನ್ನೂ ತೆಗಿಲಿಲ್ರೀ ಕಾಕಾ?"

"ತೆಗೆದದ್ದೂ ಆತು, ಹಾಕಿದ್ದೂ ಆತು. ಒಂದು ಬೇಕಾ, ಎರಡು ಬೇಕಾ? ಒಬ್ಬರು ಕೂಡೋರು ಇದ್ರ ಒಂದ ಸಾಕು. ಸುಮ್ನ ಎರಡು ಮಾರಾಂವ ಅಲ್ಲ ನಾ."

"ಇಬ್ಬರು ಕೂಡ್ತೀವಿ," ಅಂದೆ.

ಆ ಮಾತು ಮೊದಲ ಸಲ ಬಾಯಿಂದ ಹೊರಗೆ ಬಂದದ್ದು ಅಷ್ಟಾಗಿ ಗುರುತಿಲ್ಲದ ಮುದುಕನ ಎದುರು. ಕಾಕಾಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. "ಹಂಗಾರ ಎರಡೂ ಒಂದ ಗೋಡಿಗೆ ಹಚ್ಚರಿ. ಎದುರಾಬದುರಾ ಹಚ್ಚಿದ್ರ ಬೆಳಕು ಹಾಯ್ದು, ತೊಗಲುಗೊಂಬಿ ಹಂಗ ಹೊರಗ ಕಾಣಸ್ತೀರಿ ಇಬ್ಬರೂ," ಎಂದು ಹಗ್ಗ ಹುಡುಕಲು ಹೋದರು.

ಸಂಜೆ ಇವರು ಬಂದು ನೋಡಿದರು. ಎಳೆದು ನೋಡಿ ತಲೆಯಾಡಿಸಿದರು, ಮೆಚ್ಚಿದರು. "ಎರಡ್ಯಾಕ ತಂದಿ?"

"ಜೋಡಿ ಅಂತರಿ. ಒಡದು ಕೊಡಾಂಗಿಲ್ಲ ಅಂದ್ರು."

"ಇರ್ಲಿ ಬಿಡು. ಒಂದನ್ನ ಮುಚ್ಚಿಟ್ರ ಆತು."

ನಾನು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಕೊಟ್ಟೆ.

ಆ ವಾರವೆಲ್ಲ ಇವರಿಗೆ ಡ್ಯೂಟಿ. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಚೌಕಟ್ಟುಗಳಿಗೆ ಕಪ್ಪು ಬಣ್ಣ ಬಳಿದೆ, ಗಾಜು ಬಂದು ತಾಗುವಲ್ಲಿ ಸದ್ದಾಗದಿರಲೆಂದು ದಪ್ಪ ಉಣ್ಣೆಬಟ್ಟೆಯ ಪಟ್ಟಿ ಕತ್ತರಿಸಿ ಅಂಟಿಸಿದೆ. ಕೈ ಕೆಲಸ ಮಾಡುವಾಗ ತಲೆಯೊಳಗೆ ಅಜ್ಜಿ ಮಾತಾಡುತ್ತಿದ್ದಳು. ನಮ್ಮ ಬಸಲಿಂಗವ್ವಜ್ಜಿ ಹೇಳುತ್ತಿದ್ದ ಕತೆಯೊಂದರಲ್ಲಿ ಒಬ್ಬಾಕಿ ಚಿಗರಿಯನ್ನು, ಅಂದರೆ ಜಿಂಕೆಯನ್ನು, ಮದುವೆಯಾಗುತ್ತಾಳೆ. ರಾತ್ರಿ ಅವನು ಮನುಷ್ಯ, ಹೊತ್ತು ಮೂಡಿದರೆ ಚಿಗರಿಯಾಗಿ ಅಡವಿಗೆ ಹೊರಟುಬಿಡುತ್ತಾನೆ. ಹಗಲಲ್ಲೂ ಅವನನ್ನು ನೋಡಬೇಕೆಂದು ಇವಳು ಮನೆಗೆ ಒಂದೊಂದೇ ಕಿಟಕಿ ಕೊರೆಸುತ್ತ ಹೋಗುತ್ತಾಳೆ. ಮೂಡಣಕ್ಕೊಂದು, ಪಡುವಣಕ್ಕೊಂದು. ಗೋಡೆಯೆಲ್ಲ ಕಿಟಕಿಯಾಗಿ ಮನೆ ನಿಲ್ಲುವುದೇ ಕಷ್ಟ ಅನ್ನುವಷ್ಟರಲ್ಲಿ ಅಜ್ಜಿಗೆ ನಿದ್ದೆ ಬಂದುಬಿಡುತ್ತಿತ್ತು. "ಮುಂದ ಏನಾತಬೇ?" ಎಂದು ಅಲುಗಾಡಿಸಿದರೆ, "ಏನಾಗ್ತದ, ಧೂಳು ಭಾಳ ಬಂತು," ಅನ್ನುತ್ತಿದ್ದಳು.

ಅಕ್ಟೋಬರಿನ ಮೊದಲ ಶನಿವಾರ ನಾವಿಬ್ಬರೂ ಹೋಗಿ ಕಿಟಕಿ ಕೂರಿಸಿದೆವು. ಅದೊಂದು ದಿನ ಹೇಗಿತ್ತೆಂದರೆ, ಅದನ್ನು ಮಡಚಿ ಟ್ರಂಕಿನಲ್ಲಿಟ್ಟುಕೊಳ್ಳುವ ಹಾಗಿದ್ದರೆ ಇಟ್ಟುಕೊಳ್ಳುತ್ತಿದ್ದೆ. ಬೇಲಿಯಲ್ಲಿ ಕಪ್ಪು ಹಣ್ಣು, ಗರಗಸದ ಹೊಟ್ಟು ಇವರ ಹುಬ್ಬಿನ ಮೇಲೆ. "ಹಿಡಿ, ಇನ್ನಷ್ಟು ಮ್ಯಾಲ. ಅಲ್ಲಲೇ, ನಿನ್ನ ಕಡೆ!" "ನನ್ನ ಕಡೇನ ಐತ್ರಿ, ನಿಮ್ಮದ ಓರೆ ಐತಿ!" ಇಡೀ ತಿಂಗಳಿನ ಮಾತು ಅವತ್ತೊಂದೇ ದಿನ ಆಯಿತು. ಎರಡೂ ಕಿಟಕಿ ಒಂದೇ ಗೋಡೆಗೆ, ಅಕ್ಕಪಕ್ಕ. ಗಾಳಿ ಯಾವಾಗಲೂ ಪಡುವಣದಿಂದ ಬೀಸುತ್ತದಂತೆ. ನಮ್ಮ ವಾಸನೆ ಜಿಂಕೆಯ ಕಡೆ ಹೋಗದಿರಲೆಂದು ಗೂಡನ್ನು ಅದಕ್ಕೆ ತಕ್ಕಂತೆ ನಿಲ್ಲಿಸಿದ್ದೇನೆ ಎಂದು ಇವರು ಬೆರಳು ನೆಕ್ಕಿ ಎತ್ತಿ ತೋರಿಸಿದರು. ಶುಕ್ರವಾರದಿಂದಲೇ ಇವರು ವಾಸನೆಯ ಸೋಪು ಹಚ್ಚುತ್ತಿರಲಿಲ್ಲ. ಶಿಕಾರಿಯ ಜಾಕೀಟು ಮೂರು ದಿನ ಬಾಲ್ಕನಿಯಲ್ಲೇ ನೇತಾಡುತ್ತಿತ್ತು. ಅಷ್ಟು ಜಾಗ್ರತೆಯ ಮನುಷ್ಯ.

ಕೊನೆಯ ಸ್ಕ್ರೂ ಬಿಗಿಯಾದ ಮೇಲೆ ನಾನು ಚೀಲದಿಂದ ತಟ್ಟೆ ತೆಗೆದೆ. ನಮ್ಮ ಕಡೆ ಚೌಕಟ್ಟು ನಿಲ್ಲಿಸಿದ ದಿನ ಪೂಜೆಯಿಲ್ಲದೆ ಯಾರೂ ಒಳಗೆ ಕಾಲಿಡುವುದಿಲ್ಲ. ದನದ ಕೊಟ್ಟಿಗೆಗೂ ಮಾಡುತ್ತಾರೆ. ಎರಡೂ ಚೌಕಟ್ಟಿಗೆ ವಿಭೂತಿ, ಅರಿಷಿಣ, ಕುಂಕುಮ. ಕರ್ಪೂರ. ಬಟ್ಟಲಿನಲ್ಲಿ ಕೆಂಡ ಮಾಡಿ ಒಂದು ಹಿಡಿ ಲೋಬಾನ. ಆರು ಅಡಿ ಪೆಟ್ಟಿಗೆಯಲ್ಲಿ ಹೊಗೆಗೆ ಹೋಗಲು ಜಾಗವಿರಲಿಲ್ಲ. ಮೂಲೆಮೂಲೆಗೂ, ನಾನು ಅಂಟಿಸಿದ ಉಣ್ಣೆಯೊಳಕ್ಕೂ ಇಳಿಯಿತು. ಇವರು ಬೇಡ ಅನ್ನಲಿಲ್ಲ. ಬೂಟು ಬಿಚ್ಚಿ ಏಣಿ ಹತ್ತಿ ಬಂದು, ಆರತಿಯ ಮೇಲೆ ಕೈಯಾಡಿಸಿ ಕಣ್ಣಿಗೊತ್ತಿಕೊಂಡರು. "ಕಾಯಿ ತಂದೀಯೋ ಇಲ್ಲೋ?" ಎಂದು ಕೇಳಿ, ತಾವೇ ಹೊಸ್ತಿಲಿಗೆ ಒಡೆದರು.

ಮುಂದಿನ ಶನಿವಾರ ಎರಡು ಬುತ್ತಿ ಕಟ್ಟಿಟ್ಟಿದ್ದೆ. ಇವರು ಒಂದನ್ನು ತೆಗೆದುಕೊಂಡರು. "ಇನ್ನೊಂದ್ಯಾರಿಗೆ? ನಾ ಅಷ್ಟ ತಿನ್ನಾಂಗಿಲ್ಲ," ಅಂದು ಹೋದರು. ಕತ್ತಲಾದ ಮೇಲೆ ಬಂದು, ಒಂದು ಕಿವಿ ಕೂಡ ಕಾಣಿಸಲಿಲ್ಲ ಅಂದರು. ಅದರ ಮುಂದಿನ ಶನಿವಾರವೂ ಹಾಗೇ. ಜಿಂಕೆಗಳು ಹೊಲದ ಆ ತುದಿಯವರೆಗೆ ಬಂದ ಹೆಜ್ಜೆ ಇವೆಯಂತೆ. ಗೂಡಿನ ದಿಕ್ಕಿಗೆ ಬಂದು, ನಿಂತು, ಹಿಂತಿರುಗಿವೆ.

ಮೂರನೆಯ ಶನಿವಾರದ ಸಂಜೆ ಊಟಕ್ಕೆ ಕೂತವರು ತುತ್ತನ್ನು ಬಾಯಿಯವರೆಗೆ ಒಯ್ದು ಹಾಗೇ ತಡೆದರು. ಆಮೇಲೆ ಎಡಗೈಯಿಂದ ಹಣೆ ಹಣೆ ಬಡಿದುಕೊಂಡರು.

"ಲೋಬಾನ!"

"ಏನ್ರಿ?"

"ಲೋಬಾನ ಹಾಕಿದ್ಯಲ್ಲಲೇ, ಕರ್ಪೂರ ಹಚ್ಚಿದ್ಯಲ್ಲ! ನಾ ಸೋಪು ಬಿಟ್ಟೆ, ಸೆಂಟು ಬಿಟ್ಟೆ, ಚಹಾದಾಗಿನ ಯಾಲಕ್ಕಿ ಬಿಟ್ಟೆ. ಗೂಡು ಮಾತ್ರ ಗುಡಿ ಆಗೇತಿ!"

"ನೀವ ಆರತಿ ತಗೊಂಡ್ರಿ. ಕಾಯಿ ನೀವ ಒಡದ್ರಿ."

"ನನ್ನ ಬುದ್ಧಿ ಎಲ್ಲಿ ಮೇಯಾಕ ಹೋಗಿತ್ತೋ," ಎಂದು ನಗಲು ಶುರುಮಾಡಿದರು. ನಾನೂ ನಕ್ಕೆ. ಇಬ್ಬರಿಗೂ ಕಣ್ಣಲ್ಲಿ ನೀರು ಬಂತು. ನಗು ಇಳಿಯುವಾಗ ನನಗೆ ಧೈರ್ಯ ಬಂತು.

"ಹಂಗಾದ್ರ ವಾಸನಿ ಹೋಗೂತನಾ ಏನೂ ಬರೂದಿಲ್ಲಲ್ಲರಿ. ಮುಂದಿನ ಶನಿವಾರ ನಾನೂ ಬರ್ಲಿ? ಇಬ್ಬರೂ ಕುಂದ್ರೂಣು."

"ಏನೂ ಬರೂದಿಲ್ಲ ಅಂದ್ರ ಹೋಗಿ ಏನ್ ಮಾಡೂದು?"

"ಕುಂದ್ರೂದು."

ಇವರು ತಟ್ಟೆಯ ಅನ್ನವನ್ನು ಒಂದು ಕಡೆ ಸರಿಸಿ, ಮತ್ತೆ ಇನ್ನೊಂದು ಕಡೆ ಸರಿಸಿದರು. ನಾನು ಇಷ್ಟು ತಿಂಗಳು ಯಾಕೆ ಕೇಳಿರಲಿಲ್ಲ ಎಂಬುದು ಆಗ ಸರಿಯಾಗಿ ನೆನಪಾಯಿತು.

"ಸಿಟ್ಟ ಮಾಡಬ್ಯಾಡ," ಅಂದರು, ರೋಗಿಗಳ ಜತೆ ಮಾತಾಡುವ ಆ ಮೆತ್ತನೆಯ ದನಿಯಲ್ಲಿ. "ವಾರೆಲ್ಲಾ ಮಂದಿ, ಮಂದಿ, ಮಂದಿ. ಅಂಜಿದ ಮಂದಿ. ಅವರಿಗೆ ಅಂಜಬ್ಯಾಡ್ರಿ ಅಂತ ಹೇಳಿ ಹೇಳಿ... ಒಂದಿನ ಮಗ್ಗಲಾಗ ಯಾರೂ ಇರಬಾರ್ದು ಅನಸ್ತದ ನನಗ. ನೀ ಅಂತ ಅಲ್ಲ. ಯಾರೂ."

"ಹೂಂ," ಅಂದೆ.

"ನಿನಗ ಬೇಕಂದ್ರ ನೀ ಹೋಗು. ಕಿಡಕಿ ತೆಗದು ಕುಂದ್ರು, ವಾಸನೀನೂ ಹೋಗ್ತದ. ನಾ ಮನ್ಯಾಗ ಮಲಕ್ಕೋತೀನಿ."

ಪಾಪ, ಕೊಟ್ಟದ್ದು ಒಳ್ಳೆಯ ಮನಸ್ಸಿನಿಂದಲೇ. ಅದನ್ನು ತಗೊಳ್ಳುವುದು ಹೇಗೆಂದು ನನಗೆ ಗೊತ್ತಾಗಲಿಲ್ಲ. ಆದರೆ ಶನಿವಾರ ಬೆಳಿಗ್ಗೆ, ಇವರು ಹೊದ್ದು ಮಲಗಿದ್ದನ್ನು ನೋಡಿ, ಈ ಫ್ಲ್ಯಾಟಿನಲ್ಲಿ ಸದ್ದು ಮಾಡದೆ ಓಡಾಡುವುದಕ್ಕಿಂತ ಅದೇ ಮೇಲು ಅನ್ನಿಸಿ ಎರಡು ಬಸ್ಸು ಬದಲಾಯಿಸಿ ಹೋದೆ. ಎರಡೂ ಕಿಟಕಿ ತೆರೆದಿಟ್ಟು, ಕುರ್ಚಿಯಲ್ಲಿ ಕೂತು, ಕಟ್ಟಿಕೊಂಡು ಹೋಗಿದ್ದ ಚಪಾತಿ ತಿಂದು, ಸಂಜೆ ವಾಪಸ್ಸು ಬಂದೆ. ಅದರ ಮುಂದಿನ ವಾರವೂ ಹೋದೆ. ಮೊದಮೊದಲು ಪಕ್ಕದ ಕಿಟಕಿಯ ಎದುರಿನ ಖಾಲಿ ಜಾಗವನ್ನೇ ನೋಡುತ್ತಿದ್ದೆ. ಅಲ್ಲಿ ಇವರು ಕೂತಿದ್ದಾರೆ, ಸುಮ್ಮನಿದ್ದಾರೆ ಎಂದು ಭಾವಿಸಿಕೊಳ್ಳುತ್ತಿದ್ದೆ. ಹಾಗೆ ಭಾವಿಸುವುದರಲ್ಲೂ ದಣಿವಿದೆ. ಮೂರನೆಯ ಸಲಕ್ಕೆ ಅದು ಬಿಟ್ಟುಹೋಯಿತು. ಹೊಲ ಕಾಣಿಸತೊಡಗಿತು: ಒಂದೊಂದು ಗಿಡಕ್ಕೂ ಸುತ್ತಿದ ಪ್ಲಾಸ್ಟಿಕ್ಕು, ಬೇಲಿಯಾಚೆ ಮೋಟಾರುದಾರಿಯ ಗುಂಯ್ ಎಂಬ ಸದ್ದು, ಬೇಲಿಗುಂಟ ಕುಂಟುತ್ತ ಹೋಗುವ ಒಂದು ಕಾಗೆ.

ನಾಲ್ಕನೆಯ ಶನಿವಾರ ನವೆಂಬರ್ ಕೊನೆಯ ಕಡೆಯದು. ಮಧ್ಯಾಹ್ನ ಎರಡೂವರೆಗೆ ಇವರ ಮೆಸೇಜು ಬಂತು.

"ಊಟ ಆತಾ?"

"ಆತು," ಎಂದು ಬರೆದೆ.

ಸ್ವಲ್ಪ ಹೊತ್ತಾದ ಮೇಲೆ: "ಮನ್ಯಾಗ ಹೊತ್ತ ಹೋಗವಲ್ದು. ನಾ ಬರ್ಲಿ?"

ಆ ಎರಡು ಮಾತನ್ನು ಎಷ್ಟು ಹೊತ್ತು ನೋಡಿದೆನೋ. ಖುಷಿಯಾಯಿತು, ಆಗಲಿಲ್ಲ ಅಂದರೆ ಸುಳ್ಳು. ಆದರೆ ಅಂದುಕೊಂಡಿದ್ದಷ್ಟು ದೊಡ್ಡದಾಗಿ ಆಗಲಿಲ್ಲ. "ಬರ್ರಿ," ಎಂದು ಬರೆದು ಫೋನನ್ನು ಚೀಲದೊಳಕ್ಕೆ ಹಾಕಿದೆ. ಇವರಿಗೆ ಕೂಡಲು ಏನೂ ಇರಲಿಲ್ಲ. ಮೂಲೆಯಲ್ಲಿದ್ದ ಸಲಕರಣೆಯ ಡಬ್ಬಿಯನ್ನು ಎರಡನೆಯ ಕಿಟಕಿಯ ಮುಂದೆ ಎಳೆದಿಟ್ಟೆ.

ಅರ್ಧ ತಾಸಾಗಿರಬೇಕು. ಮುಳ್ಳುಕಂಟಿಯ ಬುಡದಲ್ಲಿ ಕಂದು ಬಣ್ಣವೊಂದು ಬೇರೆಯಾಯಿತು. ಮುಂಟ್‌ಜ್ಯಾಕ್ ಅನ್ನುತ್ತಾರಲ್ಲ, ಆ ಗಿಡ್ಡ ಜಾತಿ. ನಾಯಿಯಷ್ಟೇ ಎತ್ತರ, ಬೆನ್ನು ಗೂನು. ಅಜ್ಜಿಯ ಚಿಗರಿಯ ಹಾಗೆ ಜಿಗಿಯುವಂಥದ್ದಲ್ಲ. ತಲೆ ತಗ್ಗಿಸಿ ಆಫೀಸಿಗೆ ಹೊರಟವರ ಹಾಗೆ ಬಂತು. ಹತ್ತು ಮಾರು ದೂರ ನಿಂತು ಮೂಗೆತ್ತಿತು. ಲೋಬಾನ ಇನ್ನೂ ಇದ್ದಿರಬಹುದು, ಹೋಗಿರಲೂಬಹುದು. ಮೂಗನ್ನು ಒಂದು ಸಲ ನೆಕ್ಕಿಕೊಂಡು, ಒಂದು ಎಲೆ ಕಿತ್ತು ಅಗಿಯುತ್ತ ನೇರ ಕಿಟಕಿಯ ಕಡೆಗೇ ನೋಡಿತು. ಅದಕ್ಕೆ ನಾನು ಕಾಣಿಸುತ್ತಿರಲಿಲ್ಲ, ಗೊತ್ತು. ಆದರೂ ಈ ಊರಿಗೆ ಬಂದ ಮೇಲೆ ಯಾರೂ ನನ್ನ ಕಡೆ ಅಷ್ಟು ಹೊತ್ತು ನೋಡಿರಲಿಲ್ಲ.

ಇವರು ಸ್ವಲ್ಪ ತಡವಾಗಿ ಬರಲಿ ಅಂದುಕೊಂಡೆ. ಮದುವೆಯಾದ ಮೇಲೆ ಅಂಥ ಆಸೆ ನನಗೆ ಬಂದದ್ದು ಅದೇ ಮೊದಲು.

ಅದರ ಕಿವಿ ತಿರುಗಿತು. ಬಾಲ ನೆಟ್ಟಗಾಗಿ ಕೆಳಗಿನ ಬಿಳುಪು ಒಮ್ಮೆ ಮಿಂಚಿತು. ಅಷ್ಟೇ, ಕಂಟಿ ಮಾತ್ರ ಉಳಿಯಿತು. ಹೊಲದ ಗೇಟಿನ ಹತ್ತಿರ ಇವರು, ಬಗಲಲ್ಲಿ ಚಹಾದ ಫ್ಲಾಸ್ಕು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಕೂಡ ನೋಡದೆ ಬಿರಬಿರನೆ ನಡೆದು ಬರುತ್ತಿದ್ದರು. ಕೋವಿ ತಂದಿರಲಿಲ್ಲ.

ಏಣಿ ಹತ್ತಿ, ಬಗ್ಗಿ ಒಳಗೆ ಬಂದು, ನಾನು ಇಟ್ಟಿದ್ದ ಡಬ್ಬಿಯ ಮೇಲೆ ಕೂತರು. ಮೊಣಕಾಲು ನನ್ನ ಮೊಣಕಾಲಿಗೆ ತಾಗಿತು. ಸರಿಸಲಿಲ್ಲ.

"ಏನರ ಬಂದಿತ್ತೇನು?" ಎಂದು ಪಿಸುಗುಟ್ಟಿದರು.

"ಇಲ್ರಿ," ಅಂದೆ.

ಇವರು ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಸುರುವಿ ನನ್ನ ಕೈಗೆ ಕೊಟ್ಟರು. ಆಮೇಲೆ ತಮ್ಮ ಕಿಟಕಿಯ ಕಡೆ ತಿರುಗಿ ಹೊಲ ನೋಡುತ್ತ ಕೂತರು. ನಾನೂ ನೋಡುತ್ತ ಕೂತೆ, ಮುಳ್ಳುಕಂಟಿ ಇದ್ದ ಆ ಒಂದು ಮೂಲೆಯನ್ನು ಬಿಟ್ಟು ಉಳಿದೆಲ್ಲ ಕಡೆ.